ಅಡುಗೆಮನೆಗೆ ಬಂದ ಕಾರ್ಖಾನೆ ಮಾತು

ನಮ್ಮ ಮನೆಯಲ್ಲಿ ಅರ್ಥ ಹೇಳಲಾಗದ ಮಾತಿಗೆ ರೊಟ್ಟಿ ಸಿಗುತ್ತಿರಲಿಲ್ಲ. ಹೀಗೆಂದರೆ ನನ್ನ ಜೊತೆ ಕೆಲಸ ಮಾಡುವ ಹುಡುಗಿಯರು ಯಾವುದೋ ಗಾದೆ ಇರಬೇಕು ಅಂದುಕೊಂಡು ತಲೆಯಾಡಿಸುತ್ತಾರೆ. ಗಾದೆಗೀದೆ ಏನಿಲ್ಲ, ಅದು ನಮ್ಮವ್ವ ಮಾಡಿದ ಕಾನೂನು, ಅದರ ಮೇಲೆ ಅಪೀಲು ಇರಲಿಲ್ಲ. ಗೊರಗುಂಟೆಪಾಳ್ಯದಲ್ಲಿ, ತುಮಕೂರು ರಸ್ತೆಯಿಂದ ಎರಡು ಗಲ್ಲಿ ಒಳಗೆ, ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಒಂದು ಟ್ರಂಕು, ಎಷ್ಟು ಒರೆಸಿದರೂ ಮತ್ತೆ ಬಂದು ಕೂರುವ ಲಾರಿಗಳ ಧೂಳು. ಹಿಂದಿನ ಕೋಣೆ ಅಡುಗೆಮನೆ. ಕಟ್ಟಿದವನಿಗೆ ಏನು ಹೊಳೆಯಿತೋ, ಅದು ಮುಂದಿನ ಕೋಣೆಗಿಂತ ಉದ್ದವಾಗಿತ್ತು, ಹಾಗಾಗಿ ನಮ್ಮ ಸಂಸಾರವೆಲ್ಲ ನಡೆದದ್ದು ಅಲ್ಲೇ. ಅಪ್ಪ, ಅವ್ವ, ನಾನು, ಮೂರೇ ಜನ. ಗದಗಿನ ಕಡೆಯಿಂದ ಬಂದವರು. ಜೋಳದ ರೊಟ್ಟಿ ಇಲ್ಲದ ಊಟವನ್ನು ಅಪ್ಪ ಊಟವೆಂದು ಒಪ್ಪುತ್ತಿರಲಿಲ್ಲ. ಅವ್ವ ಯಶವಂತಪುರದ ಮಾರ್ಕೆಟ್ ಯಾರ್ಡಿಗೆ ತಾನೇ ಹೋಗಿ, ಬಿಳಿಜೋಳವನ್ನು ಮುಷ್ಟಿಯಲ್ಲಿ ಹಿಡಿದು, ಮೂಸಿ, ಎರಡು ಕಾಳು ಬಾಯಿಗೆ ಹಾಕಿ ನೋಡಿ ತರುತ್ತಿದ್ದಳು. ಸಂಜೆ ಏಳಕ್ಕೆ ಅವಳು ಒಲೆ ಹಚ್ಚಿ ರೊಟ್ಟಿ ಬಡಿಯಲು ಕೂತರೆ ನಾನೂ ಅಪ್ಪನೂ ತಟ್ಟೆ ಹಿಡಿದು ಎದುರಿಗೆ ಕೂರಬೇಕು. ಹಂಚಿನಿಂದ ನೇರ ತಟ್ಟೆಗೆ ಬೀಳುವ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಒಂದು ಹಸಿ ಉಳ್ಳಾಗಡ್ಡಿ. ದಿನದ ಮಾತೆಲ್ಲ ಆ ತಪ್ ತಪ್ ಸಪ್ಪಳದ ನಡುವೆಯೇ ಆಗಬೇಕು. ಯಾರಾದರೂ ಅವಳಿಗೆ ಗೊತ್ತಿಲ್ಲದ ಮಾತೊಂದನ್ನು ಎಸೆದರೆ ಸಪ್ಪಳ ನಿಲ್ಲುತ್ತಿತ್ತು.

“ಹಂಗಂದ್ರೇನು?”

ತಲೆ ಎತ್ತದೆ ಕೇಳುತ್ತಿದ್ದಳು. ನಾವು ತಡವರಿಸಿದರೆ ಮುಂದಿನ ಮಾತೂ ಸಿದ್ಧವಾಗಿರುತ್ತಿತ್ತು.

“ನಮ್ಮ ಮಾತಿನ್ಯಾಗ ಹೇಳ್ರಿ. ಹೇಳೂತನಕ ಮುಂದಿನ ರೊಟ್ಟಿ ಇಲ್ಲ.”

ಈ ಕಾನೂನು ಹುಟ್ಟಿದ್ದು ನಾನು ಹುಟ್ಟುವ ಮೊದಲು. ಅವ್ವ ಮದುವೆಯಾಗಿ ಈ ಮನೆಗೆ ಬಂದ ದಿನವೇ ಮನೆ ಓನರಮ್ಮ ಬಾಗಿಲಲ್ಲಿ ನಿಂತು ನಯವಾಗಿ ಹೇಳಿದ್ದಳಂತೆ:

“ನೀರಿನ ವಿಷಯದಲ್ಲಿ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಮ್ಮ, ಆಯ್ತಾ?”

ಅವ್ವನಿಗೆ ಆಗ ಆ ಮಾತು ಗೊತ್ತಿರಲಿಲ್ಲ. ಹೊಸ ಊರು, ಹೊಸ ಜನ, ಓನರಮ್ಮನ ಮುಖದಲ್ಲಿ ನಗು ಬೇರೆ. ಕೋಲೆಬಸವನ ಹಾಗೆ ತಲೆಯಾಡಿಸಿಬಿಟ್ಟಳು. ಮರುದಿನ ಬೆಳಿಗ್ಗೆ ಕೊಡ ಹಿಡಿದು ನಲ್ಲಿಗೆ ಹೋದಾಗ ಗೊತ್ತಾಯಿತು, ವಠಾರದ ಆರು ಮನೆಯವರೂ ತುಂಬಿಕೊಂಡ ಮೇಲೆ ಉಳಿದರೆ ಅವಳಿಗೆ. ಕೇಳಿದರೆ, ‘ನೀನೇ ಒಪ್ಕೊಂಡಿದ್ದೆಯಲ್ಲಮ್ಮ’ ಅಂದಳಂತೆ ಓನರಮ್ಮ. ಒಂದು ವರ್ಷ ಅವ್ವ ಕೊನೆಯ ಕೊಡದವಳಾಗಿದ್ದಳು. ಬೇಸಿಗೆಯಲ್ಲಿ ಆ ಕೊಡವೂ ಅರ್ಧ. ಆ ವರ್ಷದ ಕೊನೆಗೆ ಅವಳು ಎರಡು ಕೆಲಸ ಮಾಡಿದಳು. ಓನರಮ್ಮನ ಹತ್ತಿರ ಜಗಳವಾಡಿ ಸರದಿ ಬದಲಾಯಿಸಿದಳು. ಅರ್ಥವಾಗದ ಮಾತಿಗೆ ಇನ್ನು ಈ ಜನ್ಮದಲ್ಲಿ ತಲೆಯಾಡಿಸುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ಆಕೆ. ಗೊತ್ತಿಲ್ಲ ಅನ್ನಲು ಅವಳಿಗೆ ನಾಚಿಕೆ ಇರಲಿಲ್ಲ. ನನಗೂ ಅಪ್ಪನಿಗೂ ಇತ್ತು. ನಮ್ಮ ಮನೆಯ ಜಗಳಗಳ ಬೇರು ಅದೇ.

ಅಪ್ಪ ಮೋಟಾರು ಮಾಡುವ ಕಾರ್ಖಾನೆಯಲ್ಲಿ ವೈಂಡಿಂಗ್ ಸೆಕ್ಷನ್ನಿನವನು. ತಾಮ್ರದ ತಂತಿ ಸುತ್ತಿ ಸುತ್ತಿ ಅವನ ಬೆರಳ ತುದಿಗಳು ನುಣುಪಾಗಿ ಹೊಳೆಯುತ್ತಿದ್ದವು. ಕೈ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ ಎಂದು ಅವನ ಗೆಳೆಯರೇ ಹೇಳುತ್ತಿದ್ದರು. ಆದರೆ ಕೈ ಕೆಲಸಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ? ನಾನು ಐದನೇ ಕ್ಲಾಸಿನಲ್ಲಿದ್ದಾಗ ಅವನ ಕಾರ್ಖಾನೆಗೆ ಹೊಸ ಮ್ಯಾನೇಜರು ಬಂದರು, ಅವರ ಬೆನ್ನಿಗೇ ತರಬೇತಿಗಳು ಬಂದವು, ತರಬೇತಿಯ ಜೊತೆ ಮಾತುಗಳು ಬಂದವು. ಕ್ವಾಲಿಟಿ ಸರ್ಕಲ್, ಜೀರೋ ಡಿಫೆಕ್ಟ್, ಟಾರ್ಗೆಟ್, ಬಾಟಲ್‌ನೆಕ್, ವಿನ್ ವಿನ್. ಈ ಮಾತುಗಳನ್ನು ಆಡಿದರೆ ಮ್ಯಾನೇಜರು ಅಪ್ಪನ ಕಡೆ ತಿರುಗಿ ನೋಡುತ್ತಿದ್ದರು. ಹದಿನೈದು ವರ್ಷ ತಂತಿ ಸುತ್ತಿದಾಗ ಒಮ್ಮೆಯೂ ಸಿಗದ ನೋಟ ಅದು. ಅಪ್ಪ ಮರುಳಾದ. ಆಗಬಾರದಿತ್ತು ಎಂದು ನಾನು ಹೇಳುವುದಿಲ್ಲ. ಬಡವನನ್ನು ಒಬ್ಬರು ‘ಮಿಸ್ಟರ್ ಶಿವಪ್ಪ’ ಎಂದು ಕರೆದರೆ ಏನಾಗುತ್ತದೆ ಅನ್ನುವುದು ಕರೆಸಿಕೊಂಡವರಿಗೇ ಗೊತ್ತು. ಹಗಲು ಕಲಿತದ್ದನ್ನು ಅವನು ಸಂಜೆ ಅಡುಗೆಮನೆಯಲ್ಲಿ ಪ್ರಯೋಗಿಸುತ್ತಿದ್ದ. ಒಂದು ದಿನ ರೊಟ್ಟಿಯ ಅಂಚು ಸ್ವಲ್ಪ ಸೀದದ್ದಕ್ಕೆ ಅಪ್ಪ ಗಂಟಲು ಸರಿಮಾಡಿಕೊಂಡು ಅಂದ:

“ನೋಡು, ನಾನು ನಿನ್ನ ಇಂಟರ್ನಲ್ ಕಸ್ಟಮರ್. ಕಸ್ಟಮರ್ ಕಂಪ್ಲೇಂಟ್ ಬಂದ್ರ ಪ್ರೊಸೆಸ್ ಸುಧಾರಿಸಬೇಕು.”

ಸಪ್ಪಳ ನಿಂತಿತು.

“ಹಂಗಂದ್ರೇನು?”

“ಅಂದ್ರ... ನಾನು ಗಿರಾಕಿ. ಮನಿ ಒಳಗಿನ ಗಿರಾಕಿ.”

“ಸೇರದಿದ್ರ ಗಿರಾಕಿ ಬ್ಯಾರೆ ಅಂಗಡಿಗೆ ಹೋಗ್ತಾನ. ಹೋಗ್ರಿ, ರಸ್ತಾದಾಗ ಬೇಕಾದಷ್ಟು ಹೋಟೆಲ್ ಅದಾವ.”

ಅಪ್ಪನೇ ಮೊದಲು ನಕ್ಕ. ಅರ್ಥ ಹೇಳಿದ್ದಕ್ಕೆ ರೊಟ್ಟಿ ಬಂತು, ಆದರೆ ಆ ಮಾತು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಹೀಗೆಂದ ಮಾತ್ರಕ್ಕೆ ಅವ್ವ ಹೊಸದಕ್ಕೆಲ್ಲ ಮುಖ ತಿರುಗಿಸುವವಳು ಅಂದುಕೊಳ್ಳಬೇಡಿ. ಬಾಟಲ್‌ನೆಕ್ ಎಂಬುದು ಒಂದೇ ಸಂಜೆಗೆ ಪಾಸಾಯಿತು. ‘ಒಂದ ಬಚ್ಚಲಾ, ಮುಂಜಾನೆ ಮೂರ ಮಂದಿಗೂ ಅವಸರ’ ಎಂದು ಅಪ್ಪ ಹೇಳಿದ ಕೂಡಲೇ ಅವಳು ಮೆಚ್ಚಿಕೊಂಡು, ಮರುದಿನದಿಂದ ಅದನ್ನು ನನ್ನ ಮೇಲೇ ಬಳಸತೊಡಗಿದಳು, ಬಚ್ಚಲಿನ ಬಾಗಿಲು ಬಡಿಯುತ್ತ. ಇನ್ನೊಂದು ದಿನ ಅಪ್ಪ ಕಾರ್ಖಾನೆಯಿಂದ ಒಂದು ಡಬ್ಬಿಯ ತಳದಲ್ಲಿ ಉಳಿದ ಹಳದಿ ಬಣ್ಣ, ಒಂದು ಸಣ್ಣ ಬ್ರಷ್ಷು ತಂದ. ಒಲೆಯ ಪಕ್ಕದ ಗೋಡೆಗೆ ಸಾಲಾಗಿ ಮೊಳೆ ಹೊಡೆದ. ಒಂದೊಂದು ಮೊಳೆಗೆ ಒಂದೊಂದು ಸೌಟು, ತೂತಿನ ಜಾರಿ, ಇಕ್ಕಳ, ಚಿಮಟ ನೇತುಹಾಕಿ, ಪ್ರತಿಯೊಂದರ ಸುತ್ತ ಅದರದೇ ಆಕಾರಕ್ಕೆ ಹಳದಿ ಗೆರೆ ಎಳೆದ. ‘ಶ್ಯಾಡೋ ಬೋರ್ಡ್’ ಅಂದ. ಅವ್ವ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

“ಹಂಗಂದ್ರೇನು?”

“ಇಲ್ಲಿ ನೋಡು. ಸೌಟು ತಗದ್ರ ಗೆರಿ ಉಳೀತದ. ಏನು ಕಳದೈತಿ, ಎಲ್ಲಿ ಇಡಬೇಕು, ಗ್ವಾಡಿನ ಹೇಳ್ತದ. ಕಾರ್ಖಾನ್ಯಾಗ ನಮ್ಮ ಪಾನಾ, ಕಟರ್ ಎಲ್ಲಾ ಹಿಂಗ ಇಡೂದು.”

ಅವ್ವ ಸೌಟು ತೆಗೆದು ಖಾಲಿ ಗೆರೆಯನ್ನು ನೋಡಿದಳು. ಮತ್ತೆ ನೇತುಹಾಕಿದಳು. ಮತ್ತೆ ತೆಗೆದಳು. ಅವತ್ತು ಅಪ್ಪನಿಗೆ ಎಣ್ಣೆಗಾಯಿ ಜಾಸ್ತಿ ಬಿತ್ತು. ನೆರೆಮನೆಯ ಹೆಂಗಸರನ್ನು ಕರೆದು ಕರೆದು ಅವಳು ಆ ಗೋಡೆಯನ್ನು ತೋರಿಸಿದಳು.

ನನ್ನ ವಿಷಯ ಹೇಳಲು ನನಗೀಗಲೂ ಮುಜುಗರ. ನಾನು ಇಂಗ್ಲಿಷ್ ಮೀಡಿಯಂ. ಮೂರು ಜನರ ಆ ಮನೆಯಲ್ಲಿ ನಾನು ಅಪ್ಪನ ಪಕ್ಷ. ಅಪ್ಪನ ಮಾತುಗಳು ನನಗೆ ಹೊಸ ಚಪ್ಪಲಿಯಷ್ಟು ಇಷ್ಟವಾಗುತ್ತಿದ್ದವು. ಶಾಲೆಯಲ್ಲಿ ಅವನ್ನು ಹಾಕಿಕೊಂಡು ಮೆರೆಯುತ್ತಿದ್ದೆ. ‘ನಮ್ಮಪ್ಪ ಕ್ವಾಲಿಟಿ ಸರ್ಕಲ್ ಲೀಡರ್’ ಎಂದು ಗೆಳತಿಯರಿಗೆ ಹೇಳಿದ್ದೆ, ತಂತಿ ಸುತ್ತುತ್ತಾನೆ ಎಂದು ಹೇಳಿರಲಿಲ್ಲ. ನನ್ನ ಸ್ವಂತ ಸಂಪಾದನೆ ಬೇರೆ ಇತ್ತು: ಪಾಸಿಟಿವ್, ನೆಗೆಟಿವ್. ನಮ್ಮ ಕ್ಲಾಸ್ ಟೀಚರ್ ದಿನಾ ಆಡುತ್ತಿದ್ದ ಮಾತು. ಯಾರು ಪ್ರಶ್ನೆ ಕೇಳಿದರೂ ನೆಗೆಟಿವ್, ಯಾರು ಹೂಂಗುಟ್ಟಿದರೂ ಪಾಸಿಟಿವ್. ಅವ್ವ ಸಂತೆಯಲ್ಲಿ ಚೌಕಾಸಿ ಮಾಡಿದರೆ, ಡಾಕ್ಟರನ್ನು ‘ಈ ಗುಳಿಗಿ ಎದಕ್ಕ’ ಎಂದು ಕೇಳಿದರೆ, ನನಗೆ ಮೈಯೆಲ್ಲ ಮುದುಡುತ್ತಿತ್ತು. ಪಕ್ಕದಲ್ಲಿ ನಿಂತು ಸೆರಗು ಎಳೆಯುತ್ತಿದ್ದೆ. ಎಲ್ಲರೂ ಸುಮ್ಮನೆ ತಲೆಯಾಡಿಸುವಾಗ ಇವಳೊಬ್ಬಳು ಯಾಕೆ ಹೀಗೆ ಎಂದು ಹೊಟ್ಟೆ ಉರಿಯುತ್ತಿತ್ತು. ಅವಳಿಗೆ ಗೊತ್ತಿಲ್ಲದ್ದು ಉಳಿದವರಿಗೂ ಗೊತ್ತಿರಲಿಲ್ಲ ಅನ್ನುವುದು ಹನ್ನೊಂದು ವರ್ಷದ ನನ್ನ ತಲೆಗೆ ಹೊಳೆದಿರಲಿಲ್ಲ.

ಒಂದು ಬುಧವಾರ ಸಂಜೆ ಅಪ್ಪ ಅಂಗಿಯ ಮೇಲೆ ಒಂದು ನೀಲಿ ಬಿಲ್ಲೆ ಸಿಕ್ಕಿಸಿಕೊಂಡು ಬಂದ. ಅದರ ಮೇಲೆ ಇಂಗ್ಲಿಷಿನಲ್ಲಿ ‘ಚೇಂಜ್ ಲೀಡರ್’ ಎಂದಿತ್ತು. ವೈಂಡಿಂಗ್ ಸೆಕ್ಷನ್ನಿಗೆಲ್ಲ ಒಬ್ಬನೇ. ಕೈಯಲ್ಲಿ ನಾಲ್ಕು ಪುಟದ ಒಂದು ಕಾಗದ, ಅದೂ ಇಂಗ್ಲಿಷಿನದು. ಶನಿವಾರ ಕ್ಯಾಂಟೀನಿನಲ್ಲಿ ಸಮಾರಂಭ, ಎಲ್ಲ ಕೆಲಸಗಾರರೂ ಈ ಕಾಗದಕ್ಕೆ ಸಹಿ ಮಾಡಬೇಕು, ಮೊದಲ ಸಹಿ ಅಪ್ಪನದು. ಅವನು ಮಾಡಿದರೆ ಉಳಿದವರು ಹಿಂದೆ ಬರುತ್ತಾರೆ ಎಂದು ಮ್ಯಾನೇಜರೇ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರಂತೆ. ಅದು ನಿಜವೂ ಹೌದು. ಸೆಕ್ಷನ್ನಿನಲ್ಲಿ ಅಪ್ಪನ ಮಾತಿಗೆ ತೂಕವಿತ್ತು. ಅವನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ ಮುನಿಯಪ್ಪ ಮಾಮ, ಜಕ್ಕೂರಿನಿಂದ ದಿನಾ ಮೊಪೆಡ್ಡಿನಲ್ಲಿ ಬರುತ್ತಿದ್ದವರು, ‘ಶಿವಪ್ಪಣ್ಣ ಎಲ್ಲಿ ಸೈನ್ ಆಕ್ತಾರೋ ಅದರ ಕೆಳಗೆ ನಂದು’ ಎಂದು ಆಗಲೇ ಘೋಷಿಸಿಬಿಟ್ಟಿದ್ದರು. ಅಪ್ಪ ರೊಟ್ಟಿ ಮುರಿಯುತ್ತ ಕಾಗದದ ತಲೆಬರಹವನ್ನು ಗಟ್ಟಿಯಾಗಿ ಓದಿದ. ಓದುವಾಗ ಅವನ ಬೆನ್ನು ನೆಟ್ಟಗಾಗಿತ್ತು.

“ರೈಟ್ ಸೈಜಿಂಗ್ ಕಮಿಟ್‌ಮೆಂಟ್.”

ಸಪ್ಪಳ ನಿಂತಿತು.

“ಹಂಗಂದ್ರೇನು?”

“ಕಂಪನಿ ಮುಂದ ಬರಬೇಕಂದ್ರ ಮಾಡೂದು. ಎಲ್ಲಾ ಕಡೆ ಮಾಡ್ಲಿಕ್ಕತ್ತಾರ. ಗ್ಲೋಬಲ್ ಪ್ರ್ಯಾಕ್ಟೀಸ್.”

“ಹಂಗಂದ್ರೇನಂತ ಕೇಳಿದೆ. ಯಾರ್ ಮಾಡ್ತಾರಂತ ಕೇಳಲಿಲ್ಲ.”

“ಏ, ಪ್ರತಿಯೊಂದಕ್ಕೂ ಹಿಂಗ ಮಾಡಿದ್ರ... ಅದು ಕಂಪನಿ ಭಾಷೆ. ನಿನಗ ತಿಳಿಯೂದಿಲ್ಲ.”

“ನಿಮಗ ತಿಳದೈತೇನು?”

ಅಪ್ಪನ ಕಿವಿ ಕೆಂಪಾಗಿದ್ದವು. ಅವನು ಕೇಳಿರಲಿಲ್ಲ ಅನ್ನುವುದು ಅವ್ವನಿಗೆ ಆ ಕ್ಷಣವೇ ಗೊತ್ತಾಯಿತು. ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸಿದ್ದರು, ಇವನೂ ಆಡಿಸಿದ್ದ. ಬಿಲ್ಲೆ ಹಾಕಿಕೊಂಡವನು ಎದ್ದು ನಿಂತು ‘ಸಾರ್, ನನಗೆ ಅರ್ಥ ಆಗಲಿಲ್ಲ’ ಅನ್ನುವುದು ಹೇಗೆ? ಆಗ ನಾನು ಬಾಯಿ ಹಾಕಿದೆ. ನನಗೆ ಅಪ್ಪನ ಕೆಂಪು ಕಿವಿಗಳನ್ನು ನೋಡಲಾಗಲಿಲ್ಲ.

“ಅವ್ವಾ, ನೀನು ಭಾಳ ನೆಗೆಟಿವ್. ನಿನಗ ಇಂಗ್ಲಿಷ್ ಬರೂದಿಲ್ಲ, ಅದಕ್ಕ ಹಿಂಗ ಮಾಡ್ತಿ.”

ಅವ್ವ ಹಿಟ್ಟಿನ ಕೈ ಒರೆಸಿಕೊಂಡು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ಹೌದವಾ, ನನಗ ಬರೂದಿಲ್ಲ. ನಿನಗ ಬರ್ತದಲ್ಲ, ನೀ ಹೇಳು.”

ಕಾಗದ ಇಸಿದುಕೊಂಡೆ. ರೈಟ್ ಗೊತ್ತು, ಸೈಜ್ ಗೊತ್ತು. ಎರಡೂ ಸೇರಿ ಏನು ಮಾಡುತ್ತಿವೆ ಅನ್ನುವುದು ಗೊತ್ತಿಲ್ಲ. ಒಳಗಿನ ಪುಟಗಳಲ್ಲಿ ಇನ್ನೂ ಉದ್ದನೆಯ ಮಾತುಗಳು ಒಂದರ ಬಾಲ ಒಂದು ಹಿಡಿದುಕೊಂಡು ನಿಂತಿದ್ದವು. ಒಂದು ವಾಕ್ಯ ಅರ್ಧ ಪುಟವಿತ್ತು, ಅದರಲ್ಲಿ ಯಾರು ಏನು ಮಾಡುತ್ತಾರೆ ಎಂದೇ ಇರಲಿಲ್ಲ. ಶಾಲೆಯ ಡಿಕ್ಷನರಿ ತಂದೆ. ಅದರಲ್ಲಿ ಒಂದು ಮಾತಿಗೆ ಐದು ಅರ್ಥ, ಐದೂ ಒಳ್ಳೆಯವೇ. ಸರಿ, ಹಕ್ಕು, ನ್ಯಾಯ, ಬಲಗಡೆ, ನೆಟ್ಟಗೆ. ಇಷ್ಟು ಒಳ್ಳೆಯ ಅರ್ಥಗಳಿರುವ ಮಾತನ್ನು ಯಾಕೆ ಅನುಮಾನಿಸಬೇಕು ಎಂದು ವಾದ ಮಾಡಿದೆ. ಅವ್ವ ಕೇಳಿಸಿಕೊಂಡು, ಉಳಿದ ಹಿಟ್ಟಿನ ಮುದ್ದೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಒಲೆ ಆರಿಸಿದಳು. ಅನ್ನ ಮಜ್ಜಿಗೆಗೆ ಈ ಕಾನೂನು ಅನ್ವಯಿಸುತ್ತಿರಲಿಲ್ಲ, ಹಾಗಾಗಿ ಉಪವಾಸವೇನೂ ಬೀಳಲಿಲ್ಲ. ಆದರೆ ಗುರುವಾರವೂ ರೊಟ್ಟಿ ಇಲ್ಲ, ಶುಕ್ರವಾರವೂ ಇಲ್ಲ. ಅಪ್ಪನಿಗೂ ಇಲ್ಲ, ನನಗೂ ಇಲ್ಲ. ನಮ್ಮ ಮನೆ ಮೊದಲ ಬಾರಿಗೆ ಸಪ್ಪಳವಿಲ್ಲದೆ ಉಂಡಿತು. ಅಪ್ಪ ಸಿಟ್ಟಿನಿಂದ ಅನ್ನ ಕಲಸುತ್ತಿದ್ದ. ಹೊರಗೆ ಲಾರಿಗಳ ಹಾರನ್ ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಶುಕ್ರವಾರ ಸಂಜೆ ಅವ್ವ ಒಂದೇ ಮಾತು ಆಡಿದಳು.

“ಒಂದು ಹೂಂ ಅಂದಿದ್ದಕ್ಕ ನಾ ಒಂದು ವರ್ಸ ಕಡೀ ಕೊಡ ತುಂಬೀನಿ. ಅದು ನನ್ನ ಒಬ್ಬಾಕಿ ಹೂಂ. ನಿಮ್ಮ ಹೂಂ ಒಳಗ ಎಷ್ಟು ಮಂದಿ ಅದಾರ ನೋಡ್ಕೊಳ್ರಿ.”

ಶನಿವಾರ ಅರ್ಧ ದಿನದ ಶಾಲೆ. ನಾನು ಮನೆಗೆ ಬಂದು ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಮೊಪೆಡ್ಡಿನ ಸದ್ದು. ಮುನಿಯಪ್ಪ ಮಾಮ, ಒಬ್ಬರೇ. ಅಪ್ಪ ಎಲ್ಲಿ ಎಂದು ಕೇಳುವ ಮೊದಲೇ ಶುರು ಮಾಡಿದರು. ಅವರು ಕೂರಲೂ ಇಲ್ಲ, ಅಡುಗೆಮನೆಯ ಹೊಸ್ತಿಲಲ್ಲೇ ನಿಂತು, ಕೈಯನ್ನೇ ಮೈಕ್ ಮಾಡಿಕೊಂಡು ಎಲ್ಲ ಅಭಿನಯಿಸಿದರು.

“ಅಕ್ಕಾ, ಇವತ್ತು ಶಿವಪ್ಪಣ್ಣ ಏನ್ ಮಾಡುದ್ರು ಅಂತೀರಾ! ಕ್ಯಾಂಟೀನಾಗೆ ನಮ್ಮನ್ನೆಲ್ಲ ಕೂರ್ಸಿ, ಮೇಜಿನ್ ಮ್ಯಾಲೆ ಊವಾ ಗೀವಾ ಇಟ್ಟಿದ್ರು. ಒಬ್ಬೊಬ್ರಿಗೂ ಒಂದೊಂದು ಜಾಮೂನು ಬೇರೆ. ಮ್ಯಾನೇಜರು ಅರ್ಧ ಗಂಟೆ ಬಾಷಣ ಬಿಗುದ್ರು. ಆಮೇಲೆ ಅಣ್ಣನ್ನ ಕರುದ್ರು, ಪಸ್ಟ್ ಸೈನ್ ಮಾಡಿ ಅಂತ. ಅಣ್ಣ ಪೆನ್ನು ಇಸ್ಕಂಡ್ರು. ಕ್ಯಾಪ್ ತೆಗುದ್ರು. ನಾನು, ಇನ್ನೇನು ಆಕೇ ಬುಟ್ರು ಅನ್ಕಂಡೆ. ಪೆನ್ನು ಇಡ್ಕಂಡೇ ಮೈಕ್ ತಾವ ಬಗ್ಗಿ, ‘ಸಾರ್, ಇದನ್ನ ನಮ್ಮ ಮಾತಿನ್ಯಾಗ ಹೇಳ್ರಿ’ ಅಂದ್ರು!”

ಅವ್ವ ಗೋಡೆಗೆ ಒರಗಿ ನಿಂತಳು.

“ಮ್ಯಾನೇಜರು ನಕ್ಕೊಂಡು ಏನೋ ಏಳುದ್ರು, ಪೂರಾ ಇಂಗ್ಲೀಸು. ಅಣ್ಣ, ‘ಹಂಗಂದ್ರೇನ್ರಿ ಸಾರ್’ ಅಂದ್ರು. ಅವ್ರು ಇನ್ನೊಂದ್ ಏಳುದ್ರು. ಅಣ್ಣ ತಿರ್ಗಾ, ‘ಹಂಗಂದ್ರೇನ್ರಿ ಸಾರ್’. ಕ್ಯಾಂಟೀನು ಇಂಗೆ, ಸೂಜಿ ಬಿದ್ರೂ ಕೇಳಂಗೆ. ನಾಕನೇ ಸಲಕ್ಕೆ ಆವಯ್ಯನ್ ಮುಖದಾಗಿನ ನಗು ಓಯ್ತು ನೋಡಿ. ಆಮೇಲೆ ಅಣ್ಣ ಪೆನ್ನಿಗೆ ಕ್ಯಾಪ್ ಆಕ್ಬುಟ್ಟು, ‘ಹೇಳೂತನಕ ಸೈ ಇಲ್ರಿ’ ಅಂತ ಮೇಜಿನ್ ಮ್ಯಾಲೆ ಮಡುಗುದ್ರು. ಇಂದ್ಗಡೆಯಿಂದ ಯಾವನೋ ‘ನಮಗೂ ಏಳಿ ಸಾರ್’ ಅಂತ ಕೂಗ್ದ. ಆಮೇಲೆ ಎಲ್ರೂ. ಅಣ್ಣನ್ನ ಒಳಗೆ ರೂಮಿಗೆ ಕರ್ಕಂಡ್ ಓಗವ್ರೆ. ಬಾಗ್ಲಾಕವ್ರೆ. ನಾನು ನಿಮಗೆ ತಿಳ್ಸಾಣ ಅಂತ ಬಂದೆ.”

ಬಾಗಿಲು ಹಾಕಿದ್ದಾರೆ ಎಂದು ಕೇಳಿದ್ದೇ ಅವ್ವ ಎಸರಿಗೆ ನೀರಿಟ್ಟಳು. ಜೋಳದ ಹಿಟ್ಟಿನ ಡಬ್ಬ ಇಳಿಸಿದಳು. ಮುನಿಯಪ್ಪ ಮಾಮನಿಗೆ ಚಾಪೆ ಹಾಸಿದಳು. ಹಿಟ್ಟು ನಾದಿ, ಮುದ್ದೆ ಮಾಡಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತಳು, ಬಡಿಯಲಿಲ್ಲ. ಹಂಚು ಕಾದು ಹೊಗೆಯಾಡಿತು. ಅವಳು ಒಲೆ ಸಣ್ಣ ಮಾಡಿದಳು. ಮತ್ತೆ ಕೂತಳು.

ಮುಂದಿನ ವರ್ಷಗಳಲ್ಲಿ ಏನಾಯಿತು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಆ ಮಧ್ಯಾಹ್ನಕ್ಕೇ ವಾಪಸು ಹೋಗಿ ನಿಲ್ಲಬೇಕಿದೆ. ಗೆದ್ದೆವು ಎಂದು ಬರೆದರೆ ಸುಳ್ಳಾಗುತ್ತದೆ. ಅಪ್ಪನನ್ನು ಮರುವಾರವೇ ವೈಂಡಿಂಗ್ ಮೇಜಿನಿಂದ ಎಬ್ಬಿಸಿ ಸ್ಟೋರಿನಲ್ಲಿ ಪೆಟ್ಟಿಗೆ ಜೋಡಿಸಲು ಹಾಕಿದರು. ಬಿಲ್ಲೆ ವಾಪಸು ಹೋಯಿತು. ಅವನು ಮತ್ತೆ ಬರಿ ಶಿವಪ್ಪನಾದ, ಮಿಸ್ಟರ್ ಉದುರಿತು. ಆದರೆ ಕಾಗದವನ್ನು ಕನ್ನಡದಲ್ಲಿ ಬರೆಸಿ ಗೇಟಿನ ಬೋರ್ಡಿಗೆ ಹಚ್ಚಬೇಕಾಯಿತು. ಕನ್ನಡಕ್ಕೆ ಬಂದ ಕೂಡಲೇ ಆ ನಾಲ್ಕು ಪುಟ ಒಂದು ಪುಟವಾಯಿತು. ಅದನ್ನು ಓದಿದ ಮೇಲೆ ಒಬ್ಬರೂ ಸಹಿ ಹಾಕಲಿಲ್ಲ. ಮೂರು ವರ್ಷ ಸೆಕ್ಷನ್ ಉಳಿಯಿತು. ಆಮೇಲೆ ಮುಚ್ಚಿತು, ಆದರೆ ಮುಚ್ಚಿದವರು ಮುಚ್ಚುತ್ತಿದ್ದೇವೆ ಎಂದು ಹೇಳಿಯೇ ಮುಚ್ಚಬೇಕಾಯಿತು. ಮೂರು ವರ್ಷ ಸಣ್ಣದೇನಲ್ಲ. ಅಷ್ಟರಲ್ಲಿ ಮುನಿಯಪ್ಪ ಮಾಮನ ಇಬ್ಬರು ಹೆಣ್ಣುಮಕ್ಕಳ ಓದು ಮುಗಿದಿತ್ತು. ಅಪ್ಪ ನಮ್ಮ ಗಲ್ಲಿಯ ಬಾಯಿಯಲ್ಲೇ ಅಂಗಡಿ ಹಾಕಿದ. ‘ಇಲ್ಲಿ ಸುಟ್ಟ ಮೋಟಾರು ರಿಪೇರಿ ಮಾಡಲಾಗುವುದು’ ಎಂದು ಬೋರ್ಡು ಬರೆಸಿದ. ‘ಸೊಲ್ಯೂಷನ್ಸ್’ ಅಂತ ಸೇರಿಸಿ ಸಾರ್, ಗೆಟಪ್ ಇರುತ್ತೆ ಎಂದ ಪೇಂಟರನ್ನು ಅಪ್ಪ ನೋಡಿದ ನೋಟ ನನಗೆ ನೆನಪಿದೆ.

ನಾನೀಗ ಹೆಬ್ಬಾಳದ ಕಡೆ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೇನೆ. ಆಪರೇಷನ್ನಿಗೆ ಮೊದಲು ರೋಗಿಯ ಕಡೆಯವರಿಂದ ಸಹಿ ಹಾಕಿಸುವ ಕಾಗದ ನನ್ನ ಕೈಯಿಂದ ಹೋಗುತ್ತದೆ. ನಮ್ಮಲ್ಲೂ ವರ್ಷಕ್ಕೊಮ್ಮೆ ತರಬೇತಿ ಬರುತ್ತದೆ, ತರಬೇತಿಯ ಜೊತೆ ಮಾತುಗಳು ಬರುತ್ತವೆ. ರೋಗಿಯನ್ನು ಗೆಸ್ಟ್ ಅನ್ನಬೇಕಂತೆ. ವಾರ್ಡಿನಲ್ಲಿ ನರಳುತ್ತ ಮಲಗುವುದಕ್ಕೆ ಜರ್ನಿ ಅನ್ನಬೇಕಂತೆ. ನಾನು ಅನ್ನುವುದಿಲ್ಲ. ಚಿಕ್ಕಜಾಲದಿಂದ ಬಂದ ಮುದುಕ ತನ್ನ ಹೆಂಡತಿಯ ಹೊಟ್ಟೆಯಿಂದ ಏನು ತೆಗೆಯುತ್ತಾರೆ, ಯಾಕೆ ತೆಗೆಯುತ್ತಾರೆ, ತೆಗೆದ ಮೇಲೆ ಏನಾಗಬಹುದು ಎಂದು ತನ್ನದೇ ಮಾತಿನಲ್ಲಿ ನನಗೆ ತಿರುಗಿ ಹೇಳುವ ತನಕ ನಾನು ಪೆನ್ನು ಕೊಡುವುದಿಲ್ಲ. ‘ಮೇಡಂ, ನೀವು ಒಬ್ಬೊಬ್ಬರಿಗೂ ಹೀಗೆ ಪಾಠ ಮಾಡ್ತಾ ಕೂತ್ರೆ ನಮ್ಮ ಶೆಡ್ಯೂಲ್ ಏನಾಗ್ಬೇಕು’ ಎಂದು ಗೊಣಗುವವರಿದ್ದಾರೆ. ಏನಾದರೂ ಆಗಲಿ. ನನ್ನನ್ನು ನೆಗೆಟಿವ್ ಅನ್ನುತ್ತಾರೆ ಎಂದೂ ನನಗೆ ಗೊತ್ತು. ನಮ್ಮ ಮನೆಯಲ್ಲಿ ಆ ಮಾತನ್ನು ಮೊದಲು ಆಡಿದವಳು ನಾನೇ, ಅದೂ ಯಾರಿಗೆ! ಅದರ ಋಣ ಇನ್ನೂ ತೀರಿಲ್ಲ, ಹಾಗಾಗಿ ಅನ್ನಿಸಿಕೊಳ್ಳುತ್ತೇನೆ.

ಆ ಶನಿವಾರ ಅಪ್ಪ ಬಂದದ್ದು ಮೂರು ಗಂಟೆಯ ಮೇಲೆ. ಅಂಗಿಯ ಮೇಲೆ ಬಿಲ್ಲೆ ಇತ್ತೋ ಇಲ್ಲವೋ ನಾನು ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದೆ. ಕೈಕಾಲು ತೊಳೆದು ಬಂದು, ಮುನಿಯಪ್ಪ ಮಾಮನ ಪಕ್ಕ ಚಾಪೆಯ ಮೇಲೆ ಕೂತ. ಅವ್ವ ಹಿಟ್ಟಿನ ಮೇಲಿಂದ ಕೈ ತೆಗೆಯದೆ ಕೇಳಿದಳು.

“ಹಂಗಂದ್ರೇನಂತ್ರಿ?”

ಅಪ್ಪ ಎದ್ದ. ಒಲೆಯ ಪಕ್ಕದ ಗೋಡೆಗೆ ಹೋಗಿ, ಮೊಳೆಯಿಂದ ಸೌಟು ತೆಗೆದ. ಗೋಡೆಯ ಮೇಲೆ ಅದರ ಹಳದಿ ಗೆರೆ ಖಾಲಿಯಾಗಿ ಉಳಿಯಿತು.

“ಇದು ಮುನಿಯಪ್ಪ ಅನ್ಕೋ. ಇದನ್ನ ತಗದು ಹೊರಗ ಹಾಕೂದು.”

ಮುನಿಯಪ್ಪ ಮಾಮ ಸೌಟನ್ನು ನೋಡಿದರು. ಅಪ್ಪ ಇನ್ನೊಂದು ಕೈಯ ಹೆಬ್ಬೆರಳಿನಿಂದ ಆ ಗೆರೆಯನ್ನು ಉಜ್ಜಿ ತೋರಿಸಿದ.

“ಆಮ್ಯಾಲ ಈ ಗೆರಿನೂ ಅಳಸೂದು. ನಾಳೆ ಬಂದವ್ರಿಗೆ ಇಲ್ಲೊಂದು ಸೌಟು ಇತ್ತು ಅನ್ನೂದ ಗೊತ್ತಾಗಬಾರದು. ಇಷ್ಟ. ಸೆಕ್ಷನ್ ಪೂರಾ ಹಿಂಗ. ನನ್ನೊಬ್ಬನ್ನ ಇಟ್ಕೋತಾರಂತ, ಮೊದಲನೇ ಸೈ ನಂದಾದ್ರ.”

ಅವ್ವ ಹಿಟ್ಟಿನ ಮೇಲಿಂದ ಕೈ ತೆಗೆದಳು.

“ಅಲ್ರಿ, ಕಾಗದಕ್ಕ ಸೈ ಯಾಕ ಬೇಕು? ಸೌಟು ತಾನ ಹೂಂ ಅನಬೇಕೇನು?”

“ಹೂಂ. ಅದಕ್ಕ ಕಮಿಟ್‌ಮೆಂಟ್ ಅಂತಾರ.”

“ನೀವೇನಂದ್ರಿ?”

“ನನ್ನ ಮನ್ಯಾಗ ರೊಟ್ಟಿ ಸಿಗೂದಿಲ್ರಿ ಅಂದೆ.”

ತಪ್ ತಪ್ ಎಂದು ಶುರುವಾಯಿತು. ಮೂರು ದಿನದ ಮೇಲೆ ಆ ಸಪ್ಪಳ ಕೇಳಿ ನನಗೆ ಅಳು ಬಂತು, ಯಾಕೆ ಎಂದು ಆಗ ಹೇಳಲು ಬರುತ್ತಿರಲಿಲ್ಲ. ಮೊದಲ ರೊಟ್ಟಿ ಮುನಿಯಪ್ಪ ಮಾಮನ ತಟ್ಟೆಗೆ ಬಿತ್ತು. ಎರಡನೆಯದು ಅಪ್ಪನಿಗೆ. ಅಪ್ಪ ಊಟಕ್ಕೆ ಕೂತರೂ ಸೌಟು ಕೈಯಲ್ಲೇ ಉಳಿದಿತ್ತು, ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಹಿಡಿದುಕೊಂಡಿದ್ದ. ನನಗೆ ಇನ್ನೂ ರೊಟ್ಟಿಯ ಹಕ್ಕಿರಲಿಲ್ಲ, ನಾನು ಯಾವ ಅರ್ಥವನ್ನೂ ಹೇಳಿರಲಿಲ್ಲ. ಎದ್ದು ಅವನ ಕೈಯಿಂದ ಸೌಟು ತೆಗೆದುಕೊಂಡೆ. ತುದಿಗಾಲಲ್ಲಿ ನಿಂತು ಮೊಳೆಗೆ ನೇತುಹಾಕಿದೆ. ಅದು ಎರಡು ಸಲ ಆಡಿ, ತನ್ನ ಹಳದಿ ಗೆರೆಯೊಳಗೆ ನಿಂತಿತು. ತಿರುಗಿ ನೋಡಿದರೆ ಅವ್ವ ನನ್ನ ತಟ್ಟೆಗೂ ರೊಟ್ಟಿ ಹಾಕಿದ್ದಳು.